ನಾಕು ಇಂಚು

ಅಶೋಕ ರಸ್ತೆಯ ಅಂಗಡಿಯಲ್ಲಿ ಹುಡುಗ ಕೇಳಿದ:
"ಮನೇಲಿ ಅಡುಗೆ ಮಾಡೋರು ಯಾರು ಸಾರ್?"
ನಾನು, ಅಂದೆ ನಾನು.
ನಾನು, ಅಂದಳು ಗಂಗಹನುಮಕ್ಕ.
ಹುಡುಗ ಬಟ್ಟೆ ತಗೊಂಡು ಸುಮ್ಮನೆ ಗಾಜು ಒರೆಸತೊಡಗಿದ.

ನಾನಂದದ್ದು ಸುಳ್ಳಲ್ಲ. ಇಪ್ಪತ್ತೆರಡು ವರ್ಷ
ಹಾಸ್ಟೆಲಿನ ಭಟ್ಟಿಯ ಮುಂದೆ ಬೆಂದವನು,
ನೂರೈವತ್ತು ಹುಡುಗರ ಸಾರು ಕುದಿಯುವ ಸದ್ದಿನಲ್ಲೇ
ಬೇಳೆ ಕರಗಿತೋ ಇಲ್ಲವೋ ಹೇಳಬಲ್ಲವನು.
ನನ್ನ ಕಣ್ಣಿಗೆ ಈ ಬರ್ನರುಗಳೆಲ್ಲ
ಮಕ್ಕಳು ಹಚ್ಚುವ ಭೂಚಕ್ರ.
"ನಾಕು ಒಲೆಯದು ಕೊಡಪ್ಪ," ಅಂದೆ, "ಗಾಜಿಂದು."
"ಒಲೆ ನಾಕು, ಕೈ ಎಷ್ಟು?" ಅಂದಳು ಅವಳು,
ಹುಡುಗನಿಗಲ್ಲ, ನನಗೂ ಅಲ್ಲ,
ಹೊಳೆಯುತ್ತಿದ್ದ ಆ ಗಾಜಿಗೆ.

ಕರೆಂಟಿನ ಒಲೆ ಮನೆಯಲ್ಲೇ ಸೋತು ಹೋಗಿತ್ತು.
ಹಿಂದಿನ ರಾತ್ರಿ ಫ್ರಿಜ್ಜಿನ ಬಾಗಿಲಿನಿಂದ
ಪ್ಲಾಸ್ಟಿಕ್ ಮಾವಿನಹಣ್ಣಿನ ಅಯಸ್ಕಾಂತ ಕಿತ್ತು
ಒಂದೊಂದೇ ಪಾತ್ರೆಯ ತಳಕ್ಕೆ ಒತ್ತಿ ನೋಡಿದ್ದಳು.
ಹಿಟ್ಟಿನ ಪಾತ್ರೆ, ಜಾರಿತು.
ಅವಳವ್ವ ಕೊಟ್ಟ ಹಿತ್ತಾಳೆ ತಪ್ಪಲೆ, ಜಾರಿತು.
ಕುಕ್ಕರಿಗೆ ಮೂರು ಸಲ ಒತ್ತಿದಳು, ಆಸೆಯಿಂದ.
ರೊಟ್ಟಿ ಹಂಚು ಮಾತ್ರ ಟಕ್ಕೆಂದು ಹಿಡಿದುಕೊಂಡಿತು.
"ಆ ಒಲೆಗೆ ನಮ್ಮನೇಲಿ ಒಬ್ಬನೇ ನೆಂಟ," ಅಂದು
ಮಾವಿನಹಣ್ಣನ್ನು ವಾಪಸು ಬಾಗಿಲಿಗೆ ಅಂಟಿಸಿದಳು.

ಈಗ ನಾನೂ ಜಾಣನಾಗಬೇಕಿತ್ತು.
"ಗಾಜು ಬೇಡ ಬಿಡು. ಅದರ ಮೇಲೆ ಹಿಟ್ಟು ತೊಳಸಿದರೆ ಒಡೆಯತ್ತೆ."
"ಒಲೆ ಮೇಲೆ ಯಾರಯ್ಯ ತೊಳಸ್ತಾರೆ?
ಕೆಳಗಿಳಿಸಿ, ಕವೆಗೋಲು ಹಾಕಿ, ಕಾಲಲ್ಲಿ ಮೆಟ್ಟಿ ತೊಳಸ್ತೀನಿ.
ನೀನು ಯಾವತ್ತು ನೋಡಿದ್ದೀಯ?"

ನೋಡಿರಲಿಲ್ಲ.
ಹುಡುಗರೆಲ್ಲ ಉಂಡು, ಭಟ್ಟಿ ತೊಳೆದು
ಮರಳೂರು ದಿಣ್ಣೆ ಹತ್ತುವಷ್ಟರಲ್ಲಿ ರಾತ್ರಿ ಹತ್ತು.
ನನ್ನ ಮುದ್ದೆ ತಟ್ಟೆಯೊಳಗೆ ಮುಚ್ಚಿಕೊಂಡು ಕೂತಿರುತ್ತಿತ್ತು.

ಮೂಲೆಯಲ್ಲಿ ಒಂದು ಒಲೆಯನ್ನು ಕಲ್ಲು ಕೊಯ್ದು
ಕಲ್ಲಿನ ಮಟ್ಟಕ್ಕೆ ಇಳಿಸಿ ಕೂರಿಸಿದ್ದರು.
"ಇದು ಹಾಬ್ ಅಕ್ಕ, ಒರೆಸೋಕೆ ಸಲೀಸು."
ನಾನು ರೇಗಿದೆ: "ಕಡಪ ಕಲ್ಲು ಕೊಯ್ಯೋದಾ?
ಒಂದ್ಸಲ ಕೊಯ್ದರೆ ಕೊಯ್ದಂಗೆ, ಹೊಲಿಯೋಕೆ ಬರಲ್ಲ."
ಅವಳು ಮಾತಾಡಲಿಲ್ಲ.
ಪಕ್ಕದ ಸಾಲಿಂದ ಒಂದು ಪಾತ್ರೆ ತಂದು ಅದರ ಮೇಲಿಟ್ಟಳು.
ಎದುರಿಗೆ ನಿಂತಳು. ಇಣುಕಿದಳು.
ಚಪ್ಪಲಿ ಬಿಟ್ಟು ಇನ್ನೊಂದು ಸಲ ನಿಂತಳು.
"ಒಳಗೆ ಕಾಣತ್ತೆ," ಅಂದಳು.

ಆಗ ನೆನಪಾಯಿತು ನಮ್ಮ ಒಲೆಯ ಕೆಳಗಿನ ಹಲಸಿನ ಮಣೆ.
ಈಳಿಗೆ ಇಡೋಕೆ ಇರಬೇಕು ಅಂದುಕೊಂಡಿದ್ದೆ;
ಎಷ್ಟೋ ಸಲ ಎಡವಿ ಬೈದಿದ್ದೆ.
ಮನೆಗೆ ಬಂದು ಎತ್ತಿ ನೋಡಿದೆ.
ನಡುವೆ ಎರಡು ಪಾದದ ನುಣುಪು,
ಹೆಬ್ಬೆರಳ ಜಾಗದಲ್ಲಿ ಒಂದು ಕೂದಲೆಳೆ ಹೆಚ್ಚು ಸವೆದಿದೆ.
ಟೇಪು ಹಿಡಿದು ಅಳೆದೆ, ಕಲ್ಲಿಂದ ಹಳೇ ಒಲೆಯ ನೆತ್ತಿಗೆ.
ನಾಕು ಇಂಚು.
ಅವಳು ನನ್ನ ಎದೆಗೆ ಬರುತ್ತಾಳೆ ಅನ್ನೋದು ಗೊತ್ತಿತ್ತು,
ಸಾರು ಅವಳ ಯಾವ ಎತ್ತರಕ್ಕೆ ಕುದಿಯುತ್ತೆ ಅನ್ನೋದಲ್ಲ.

ಬುಧವಾರ ಜಬೀವುಲ್ಲಾ ಬಂದು ಕಲ್ಲು ಕೊಯ್ದ.
ಮನೆಯೆಲ್ಲ ಕರಿ ಧೂಳು, ಅರಿಶಿನದ ಡಬ್ಬಿಯೊಳಗೂ.
ಮೂರು ಬರ್ನರು, ಸ್ಟೀಲಿನದು, ಗಾಜಲ್ಲ;
ಮೂರನೆಯದು ಯಾಕೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಕೊಯ್ದ ಚೂರು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಯಿತು.

ಭಾನುವಾರ ನಾನು ಒಲೆ ಹಚ್ಚಿದೆ.
ಅವಳು ಆ ಮಣೆ ಹಾಕಿಕೊಂಡು, ಮೊದಲ ಸಲ ಅದರ ಮೇಲೆ ಕೂತು,
ಅವರೆಕಾಯಿ ಸುಲಿಯುತ್ತಿದ್ದಳು.
ನಾಕು ಇಂಚು ಕೆಳಗೆ ಹೋದ ಬೆಂಕಿಗೆ ಈಗ ನಾನು ಬಗ್ಗಬೇಕು;
ಅರ್ಧ ಗಂಟೆಗೇ ಸೊಂಟ ಹಿಡಿಯಿತು, ಹೇಳಲಿಲ್ಲ.
ಅಂಗೈಗೆ ಒಂದು ಹನಿ ಸಾರು ಬಿಟ್ಟುಕೊಂಡು ನೆಕ್ಕಿ,
"ರಂಗಶಾಮಯ್ಯ," ಅಂದಳು, ಹೆಸರು ಹಿಡಿದು,
"ಇನ್ನೂ ನೂರ ನಲವತ್ತೆಂಟು ಜನ ಬರಬೇಕೇನಯ್ಯ ಉಪ್ಪಿಗೆ?"