ಅಗಲವಿಲ್ಲದ ಅಕ್ಷರ

ಐರೋಲಿಯ ಆರನೇ ಮಹಡಿ. ಮುಗ್ಧಾ ಪೇಂಡ್ಸೆ
ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿ ಅಂದಳು:
'ತುಝಂ ಕಾನಡೀ, ತೂಚ್ ಬಘ್.'
ಇಡೀ ಆಫೀಸಿನಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ,
ಅದೂ ಅಕ್ಷರಕ್ಕೊಂದು ಉಸಿರು ತೆಗೆದುಕೊಂಡು.

ದೂರು ಕೊಟ್ಟವರು ವಾಸು ಬಂಗೇರ, ಚಕಾಲಾ, ಎಪ್ಪತ್ತೊಂಬತ್ತು ವರ್ಷ.
ಪರೇಲಿನ ತಮ್ಮ ಮೆಸ್ಸಿನ ಹಳೇ ಉದ್ರಿ ಪುಸ್ತಕವನ್ನು
ಒಂದೇ ಬೆರಳಲ್ಲಿ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ.
ನಲವತ್ತೊಂದನೇ ಹೆಸರು ಬಂದರೆ ಕಿಟಕಿ ಢಬ್ಬಂತ ಮುಚ್ಚಿಕೊಳ್ಳುತ್ತದೆ.
ನಾಲ್ಕು ದಿನದಿಂದ ನಲವತ್ತೇ ಜನ.

ಕಡತ ತರಿಸಿಕೊಂಡು ತೆರೆದೆ. ಏನೂ ಆಗಲಿಲ್ಲ.
ಅಂತೋನ್ ಲೋಬೊ, ಲಾಲ್‌ಬಾಗ್, ಬಾಕಿ ೧೮
ನನ್ನ ಪರದೆಯ ಮೇಲೆ ತಣ್ಣಗೆ ಕೂತಿದ್ದ.
ಮರುದಿನವೂ ಕೂತಿದ್ದ.
ಫಾಂಟ್ ಬದಲಿಸಿದೆ, ಒತ್ತು ಕಿತ್ತೆ, ದೀರ್ಘ ಕಿತ್ತೆ,
ಬಿದ್ದವನ ಹೆಜ್ಜೆ ಹುಡುಕುವಂತೆ
ಕೆಳಗಿಂದ ಮೇಲಕ್ಕೆ ಲಾಗು ಓದಿದೆ.

ಫೋನಿನಲ್ಲಿ ಅಂದರು: 'ಕಣ್ಣಿಗೆ ಪೊರೆ ಮಾರಾಯ್ತಿ,
ಅಕ್ಷರವನ್ನು ನೀರುದೋಸೆಯಷ್ಟು ಮಾಡಿಕೊಂಡರೇ ಕಾಣುವುದು.'
ನಾನೂ ಹಿಗ್ಗಿಸಿದೆ. ಇಪ್ಪತ್ತೆಂಟು, ಮೂವತ್ತಾರು, ನಲವತ್ತೆಂಟು.
ಲಾಲ್ ಮೇಲೇ ಉಳಿಯಿತು, ಬಾಗ್ ಕೆಳಗೆ ಜಿಗಿಯಿತು,
ಕಿಟಕಿ ಮುಚ್ಚಿತು.
ಎದ್ದು ನಿಂತು ಚಪ್ಪಾಳೆ ತಟ್ಟಿದೆ.
ಚಹಾದ ಹುಡುಗನೂ ತಿರುಗಿ ನೋಡಿದ.

ಆ ಎರಡರ ನಡುವೆ ಇನ್ನೊಂದಿದೆ.
ಅದಿಲ್ಲದಿದ್ದರೆ ಲಾಲ್ಬಾಗ್:
ಬ ಒತ್ತಾಗಿ ಲಕಾರದ ಕಾಲಡಿ ಮುದುಡಿಕೊಳ್ಳುತ್ತದೆ.
ಅದಕ್ಕೆ ಆಕಾರವಿಲ್ಲ, ಸದ್ದಿಲ್ಲ, ಅಗಲ ಸೊನ್ನೆ.
ಕೆಲಸ ಒಂದೇ, ನಡುವೆ ನಿಲ್ಲುವುದು.
ಠಾಣೆಯಲ್ಲಿ ಏಳೂ ನಲವತ್ತರ ಲೋಕಲ್ಲು ಹತ್ತುವವಳಿಗೆ
ಇದನ್ನು ಯಾರೂ ವಿವರಿಸಬೇಕಿಲ್ಲ.
ಮೊಣಕೈ ಒಳಗೆ, ಬ್ಯಾಗು ಎದೆಗೆ,
ಆಚೆಯವಳ ಜಡೆ ಈಚೆಯವಳ ಮೀನಿನ ಬುಟ್ಟಿಗೆ ತಾಗದಂತೆ
ಮುಲುಂಡಿನವರೆಗೆ.

ಸಾಲು ಮುರಿದಾಗ ಅದೊಂದೇ ಅಂಚಿನಲ್ಲಿ ಉಳಿಯುತ್ತಿತ್ತು.
ಕರ್ಸರ್ ಎಲ್ಲಿ ನಿಲ್ಲಬೇಕೆಂದು ತಿಳಿಯಲು ಕೋಡು
ಅದರ ಅಗಲದಿಂದ ಭಾಗಿಸುತ್ತಿತ್ತು.
ಸೊನ್ನೆಯಿಂದ ಭಾಗಿಸಬಾರದೆಂದು ಏಳನೇ ಕ್ಲಾಸಿನಲ್ಲಿ
ಸಾಳ್ವಿ ಟೀಚರ್ ಡಸ್ಟರಿನಿಂದ ಹೇಳಿಕೊಟ್ಟಿದ್ದರು.
ಆ ಸಾಲು ಬರೆದದ್ದು ಯಾರು ಎಂದು ಹುಡುಕಿದರೆ
ಎರಡು ವರ್ಷದ ಹಿಂದಿನ ನಾನು.
ಮುಗ್ಧಾಗೆ ಹೇಳಲಿಲ್ಲ.

ತಿದ್ದಿದೆ: ಅಗಲ ಸೊನ್ನೆಯಾದರೆ ದಾಟಿ ಹೋಗು.
ಸರಿಯಾಗಿಯೇ ಇತ್ತು. ಆದರೂ 'ದಾಟಿ ಹೋಗು' ಎಂಬುದು
ಯಾಕೋ ಹೊತ್ತಿನವರೆಗೂ ಚುಚ್ಚುತ್ತಿತ್ತು.

ಬಂಗೇರರು ಕೇಳಿ ನಕ್ಕರು: 'ಗೊತ್ತಿತ್ತು,
ಆ ಲೋಬೊನೇ ಅಡ್ಡಗಾಲು ಹಾಕಿರಬೇಕು.
ಗಿರಣಿ ಮುಚ್ಚಿದ ಮೇಲೆ ಊಟಕ್ಕೆ ಬರುವುದನ್ನೇ ಬಿಟ್ಟ. ನಾಚಿಕೆ.
ನಾನೇನು ಕೇಳುತ್ತಿದ್ದೆನಾ?'
ಸ್ವಲ್ಪ ತಡೆದು,
'ಬಾಕಿ ಇದ್ದಲ್ಲಿ ಸೊನ್ನೆ ಹಾಕಿದರೆ ಮತ್ತೆ ಕೆಡುತ್ತದಾ?'

ಇಲ್ಲ ಸಾರ್, ಹಾಕಿ ಅಂದೆ.

ಫೋನಿನಾಚೆ ಕೀಲಿಯ ಸದ್ದು. ಒಂದು ಅಳಿಸಿತು. ಎಂಟಾದ ಮೇಲೆ ಇನ್ನೊಂದೂ.
ಮೂರನೇ ಸದ್ದಿಗೆ ಕಿವಿಗೊಟ್ಟು ಕೂತೆ.