ಗಾಲಿ

ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿದ್ದೇನೆ,
ಬಾಯಲ್ಲಿ ಮೂರು ಸ್ಕ್ರೂ.
ಸುಕನ್ಯಾ ಟಾರ್ಚ್ ಹಿಡಿದು ಆಕಳಿಸುತ್ತಿದ್ದಾಳೆ.
ಶ್ರೀನಿವಾಸಪುರದ ಮೇ ತಿಂಗಳು, ಹಗಲು ಹನ್ನೊಂದು.
ಮಂಡಿಯ ಕಡೆಯಿಂದ ಕೊಳೆತ ಮಾವಿನ ವಾಸನೆ,
ಸಿಹಿ, ಸ್ವಲ್ಪ ಹೆಂಡದ ಹಾಗೆ.

ಕೋಲಾರದ ಗ್ಯಾರೇಜಿನವನು ಚೀಟಿ ಬರೆದುಕೊಟ್ಟಿದ್ದ:
ನಲವತ್ತೊಂದು ಸಾವಿರ.
ಕಾರನ್ನೇ ಮಾರಿದರೆ ಐವತ್ತೈದು ಬರುತ್ತಿತ್ತು.
"ಕಂಪ್ರೆಸರ್ ಒಂದೇ ತಾನೆ ಹೋಗಿರೋದು?" ಅಂದೆ.
ಅವನು ಪೈಪೊಂದನ್ನು ಬಿಚ್ಚಿ ನನ್ನ ಅಂಗೈಗೆ ಬಗ್ಗಿಸಿದ.
ಕಾಡಿಗೆಯಂಥ ಎಣ್ಣೆ, ಅದರೊಳಗೆ ಮಿಣಮಿಣ
ಕಬ್ಬಿಣದ ಹುಡಿ.
"ಒಳಗೊಳಗೇ ತೇದ್ಕೊಂಡು ಸತ್ತಿದೆ ಸಾರ್,
ಸಾಯೋ ಮುಂಚೆ ಎಲ್ರಿಗೂ ಹಂಚಿದೆ.
ಹಳೇ ಪೈಪಿಗೆ ಹೊಸದು ಹಾಕಿದ್ರೆ
ಹೊಸದೂ ಸಾಯುತ್ತೆ."

ಆ ಎಣ್ಣೆ ಸೋಪಿಗೆ ಹೋಗಲಿಲ್ಲ.
ಊಟಕ್ಕೆ ಕೂತಾಗಲೂ ಅಂಗೈ ಗೆರೆಗಳಲ್ಲಿ ಹೊಳೆಯುತ್ತಿತ್ತು.
ಎದುರಿಗೆ ಅತ್ತೆ, ಗಂಗುಲಮ್ಮ,
ಗೋಡೆಗೆ ಹೇಳುವ ಹಾಗೆ ಮಗಳಿಗೆ ಹೇಳಿದರು:
"ಸಾರು ಬೇಕಾ ಕೇಳು."
ಒಂದೂವರೆ ವರ್ಷವಾಯಿತು, ನಮ್ಮಿಬ್ಬರ ಮಾತು
ಸುಕನ್ಯಾಳನ್ನು ಹಾದೇ ಬರುತ್ತದೆ.
ಪುಂಗನೂರಿನ ಮದುವೆಯಲ್ಲಿ ನಾನೊಂದು ಮಾತು ಆಡಿದ್ದೆ.
ಏನೆಂದು ಇಲ್ಲಿ ಬರೆಯುವುದಿಲ್ಲ.
ಚಿಕ್ಕದೇ. ಹುಡಿ.

ಹಾಗಾಗಿ ಮನೆ ಮುಂದೆ, ಹೊಂಗೆಯ ಅರ್ಧ ನೆರಳಲ್ಲಿ,
ಮೂರು ಭಾನುವಾರ.
ಮೊದಲನೆಯದು ಬಿಚ್ಚುವುದಕ್ಕೇ ಹೋಯಿತು.
ಫ್ರಿಜ್ ರಿಪೇರಿ ಇನಾಯತ್ ಬಂದು
ಉಳಿದಿದ್ದ ಗ್ಯಾಸನ್ನು ತನ್ನ ಸಿಲಿಂಡರಿಗೆ ಎಳೆದುಕೊಂಡ.
ಕಂಡೆನ್ಸರಿನ ಸಂದಿಯಲ್ಲಿ ಎಷ್ಟೋ ಬೇಸಿಗೆಯ ಚಿಟ್ಟೆ,
ಕೂಲಿಂಗ್ ಕಾಯಿಲಿನ ಹಿಂದೆ ಇಲಿಯ ಗೂಡು:
ತೆಂಗಿನ ನಾರು, ಟೋಲ್ ರಸೀದಿ, ಯಾರದೋ ಕೂದಲು.
ಇಷ್ಟು ದಿನ ನಾವು ಉಸಿರಾಡಿದ್ದು ಅದರ ಸಂಸಾರವನ್ನು.

ಎರಡನೆಯ ಭಾನುವಾರ ಜೋಡಣೆ.
ಹಸಿರು ರಬ್ಬರ್ ಉಂಗುರಗಳು,
ಮಗುವಿನ ಬೆರಳಿಗೂ ಸಾಲದಂಥವು.
ಒಂದೊಂದಕ್ಕೂ ಎಣ್ಣೆ ಸವರಬೇಕು,
ಒಣಗಿದ್ದನ್ನು ಹಾಕಿದರೆ ಬಿಗಿಯುವಾಗ ಹರಿಯುತ್ತದೆ.
ಅತ್ತೆ ಜಗಲಿಯಲ್ಲಿ ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದರು.
ಒಂದು ಉಂಗುರ ಕೈಜಾರಿ ಉರುಳುತ್ತಾ ಹೋಗಿ
ಅವರ ಕಾಲ ಬಳಿ ಬಿತ್ತು.
ಎತ್ತಿಕೊಂಡರು, ಸೆರಗಿಗೆ ಒರೆಸಿದರು,
ಸುಕನ್ಯಾಳ ಕೈಗೆ ಕೊಟ್ಟರು.

ಆಮೇಲೆ ಇನಾಯತನ ಪಂಪು, ಒಂದು ಗಂಟೆ ಗೊರಗೊರ.
ತಂಪು ತುಂಬುವ ಮುಂಚೆ ಇರುವ ಗಾಳಿಯೆಲ್ಲ ಹೋಗಬೇಕಂತೆ,
ಏನೂ ಇಲ್ಲದಿರುವುದು
ನಿಲ್ಲುತ್ತದೋ ಇಲ್ಲವೋ ನೋಡಬೇಕಂತೆ.
ನೀಲಿ ಗೇಜಿನ ಮುಳ್ಳು ಸೊನ್ನೆಯಿಂದಲೂ ಕೆಳಗಿಳಿದು
ಇಪ್ಪತ್ತೊಂಬತ್ತಕ್ಕೆ ನಿಂತಿತು.
"ಬೆಳಿಗ್ಗೆ ಅಲ್ಲೇ ಇದ್ರೆ ಗೆದ್ರಿ" ಅಂದು ಸ್ಕೂಟರ್ ಹತ್ತಿದ.

ಹನ್ನೆರಡಕ್ಕೆ ಎದ್ದು ನೋಡಿದೆ. ಎರಡಕ್ಕೂ.
ಮೂರೂವರೆಗೆ ಹೋದರೆ ಬಾನೆಟ್ಟಿನ ಮುಂದೆ ಅತ್ತೆ,
ಕೈಯಲ್ಲಿ ಮೊಬೈಲಿನ ಬೆಳಕು, ಗೇಜಿನ ಮೇಲೆ.
ನನ್ನನ್ನು ಕಂಡು ಆರಿಸಿದರು.
ಒಳಗೆ ಹೋದರು.
ಮುಳ್ಳು ಎರಡು ಗೆರೆ ಏರಿತ್ತು.

ಸೋರುತ್ತಿದ್ದ ಉಂಗುರವನ್ನು ಹುಡುಕಿದೆ.
ಅದರ ಅಂಚಿಗೆ ಒಂದು ಹತ್ತಿಯ ಎಳೆ,
ಬೂದಿಗೆಂಪು, ಸೀರೆಯದು.
ಕಿತ್ತು ಜೇಬಿಗೆ ಹಾಕಿಕೊಂಡೆ, ಬೇರೆ ಹಾಕಿದೆ.
ಯಾವುದು ಸೋರುತ್ತಿತ್ತು ಅಂತ ಸುಕನ್ಯಾ ಕೇಳಿದಳು.
ಗೊತ್ತಾಗಲಿಲ್ಲ ಅಂದೆ.

ಮೂರನೆಯ ಭಾನುವಾರ ಗ್ಯಾಸು.
ಬಾನೆಟ್ಟಿನೊಳಗೆ ಟಕ್ ಅಂತ ಕ್ಲಚ್ ಕಚ್ಚಿದ ಸದ್ದು.
ಕಿರಿಯವಳು ಜ್ವರದ ಥರ್ಮಾಮೀಟರನ್ನು ಕಿಂಡಿಗೆ ಹಿಡಿದಳು;
ಅದು ಬರೀ ಗೆರೆ ತೋರಿಸಿತು,
ಇಷ್ಟು ತಣ್ಣಗಿರುವುದು ಮನುಷ್ಯರಲ್ಲ ಅನ್ನುವ ಹಾಗೆ.
ನಾಲ್ಕು ಸ್ಕ್ರೂ ಮಿಕ್ಕವು. ಎಲ್ಲಿಯವೋ.

ಚಿಂತಾಮಣಿ ರಸ್ತೆಗೆ ಬಿಟ್ಟೆ. ತೋಪುಗಳು ಹಿಂದಕ್ಕೆ ಓಡಿದವು.
ಹಿಂದಿನ ಸೀಟಿನಲ್ಲಿ ಸುಕನ್ಯಾ, ಮೂರು ವಾರದ ದಣಿವು,
ಬಾಯಿ ತೆರೆದು ನಿದ್ದೆ.
ಮುಂದೆ ಅತ್ತೆ, ಸೆರಗು ಹೊದ್ದು.
ಹಿಂದಕ್ಕೊಮ್ಮೆ ತಿರುಗಿ ನೋಡಿದರು.
ಸ್ವಲ್ಪ ಹೊತ್ತು ಸುಮ್ಮನಿದ್ದರು.
ಆಮೇಲೆ, ನನ್ನ ಕಡೆಗೇ:
"ಗಾಲಿ ಜಾಸ್ತಿ ಆಯ್ತು. ತಗ್ಗಿಸು."

ಅವರ ತೆಲುಗಿನಲ್ಲಿ ಗಾಲಿಯೆಂದರೆ ಗಾಳಿ,
ನನ್ನ ಕನ್ನಡದಲ್ಲಿ ಚಕ್ರ.
ಕೇಳಿ ತಿಳಿಯಬಹುದಿತ್ತು.
ಎರಡನ್ನೂ ತಗ್ಗಿಸಿದೆ.