ಇನ್ಯಾರದೋ ಕಿಲೋಮೀಟರು

ಮಂಗಳವಾರ ಗಿರಣಿಗೆ ರಜೆ.
ಟ್ಯಾಂಕಿಗೆ ಬಣ್ಣ ಹೊಡೆಯುವುದಿದ್ದರೆ ಅವತ್ತೇ.
ಮಿಕ್ಕ ದಿನ ವಿಲ್ಸನ್ ಗಾರ್ಡನ್ನಿನ ಈ ಶೆಡ್ಡಿಗೆ
ಪುಟ್ಟಗೌರಮ್ಮನ ರಾಗಿಹಿಟ್ಟು ಗೋಡೆ ದಾಟಿ ಬಂದು
ಹಸಿ ಬಣ್ಣದ ಮೇಲೆ ಕೂತುಬಿಡುತ್ತದೆ.
ಮೊದಲ ಸಲ ಹಾಗೇ ಆಯಿತು. ಕೈಯಾಡಿಸಿದರೆ ತರಿತರಿ.
‘ಮುದ್ದೆ ಗಾಡಿ’ ಅಂದ ಇಲಿಯಾಸ್. ಹೆಸರು ನಿಂತಿತು.

ಗುಜರಿಯವನು ತೂಕದ ಲೆಕ್ಕದಲ್ಲಿ ಕೊಟ್ಟಿದ್ದ ನನಗೆ
ಮೈಸೂರಲ್ಲಿ ಹುಟ್ಟಿದ ಈ ಯೆಜ್ಡಿಯನ್ನು.
ಎರಡು ಸೈಲೆನ್ಸರು, ಒಂದರೊಳಗೆ ಕಡಜದ ಗೂಡು.

ಆಮೇಲೆ ಬರೀ ಭಾನುವಾರಗಳು.
ಕಾಮಾಕ್ಷಿಪಾಳ್ಯದಿಂದ ತಿಮ್ಮರಾಯಪ್ಪ,
ಲೇತಿನ ಹಿತ್ತಾಳೆ ಸುರುಳಿ ಇನ್ನೂ ತೋಳಿಗೆ ಅಂಟಿಸಿಕೊಂಡು.
ಕಾಕ್ಸ್ ಟೌನಿನ ಸೆಲ್ವಿನ್ ಸರ್,
ಬಗ್ಗದ ಮೊಣಕಾಲು ಚಾಚಿ, ಸೀಮೆಎಣ್ಣೆ ತಟ್ಟೆಯಲ್ಲಿ
ಕಾರ್ಬುರೇಟರನ್ನು ಮಗುವಿನ ಕಿವಿ ತೊಳೆದ ಹಾಗೆ ತೊಳೆಯುತ್ತ.
ನಾನು ರಕ್ತಪರೀಕ್ಷೆಯ ಲ್ಯಾಬಿನವಳು. ಸಿರಿಂಜು ನನ್ನದು:
ಲೀಟರ್ ಪೆಟ್ರೋಲಿಗೆ ನಲವತ್ತು ಎಮ್ಮೆಲ್ ಆಯಿಲು,
ಹನಿ ಹೆಚ್ಚಲ್ಲ, ಹನಿ ಕಮ್ಮಿಯಲ್ಲ.

ಪಾಯಿಂಟಿನ ಸಂದು ಎಷ್ಟಿರಬೇಕು?
ತಿಮ್ಮರಾಯಪ್ಪ ಜೇಬಿಂದ ತೆಗೆಯುತ್ತಾನೆ
ಮಗಳ ಮದುವೆಯಲ್ಲಿ ಹಂಚಿ ಮಿಕ್ಕ ಕರೆಯೋಲೆಯ ಚೂರು.
ಇಷ್ಟೇ. ಇನ್ನೂ ಹತ್ತಿರ ಬಂದರೆ
ಎರಡೂ ಸುಟ್ಟುಕೊಳ್ಳುತ್ತವೆ.

ಮೀಟರೊಂದು ಬಾಕಿ ಇತ್ತು.
ಹಳೆಯದರ ಗಾಜು ಒಡೆದು, ಒಳಗೆ ಮಳೆ ನಿಂತು,
ಅಂಕಿಗಳೆಲ್ಲ ಕರಗಿ ಒಂದೇ ಕಂದು.
ಸಂಡೇ ಬಜಾರಿನ ಗೋಣಿತಾಟಿನ ಮೇಲೆ
ಬೀಗ, ಚಮಚ, ಗೊಂಬೆಯ ಕಾಲುಗಳ ನಡುವೆ ಇನ್ನೊಂದು ಸಿಕ್ಕಿತು.
ಅದರಲ್ಲಿ ೬೧,೨೦೭.

‘ಸೊನ್ನೆ ಮಾಡಿಬಿಡ್ಲಾ?’ ಇಲಿಯಾಸನ ಕೈಯಲ್ಲಾಗಲೇ ಸ್ಕ್ರೂಡ್ರೈವರು.
ಸೆಲ್ವಿನ್ ಸರ್ ಕನ್ನಡಕ ತೆಗೆದರು.
‘ಯಾರೋ ಓಡ್ಸಿದಾರೆ, ಮ್ಯಾನ್. ಅಳ್ಸೋಕೆ ನಾವ್ಯಾರು?’
‘ಈ ಗಾಡೀಲಿ ಓಡ್ಸಿದ್ದಲ್ಲವಲ್ಲ ಸಾರ್.’
‘ಈ ಗಾಡೀದು ಅಂತ ಇಲ್ಲಿ ಏನಿದೆ ಹೇಳು.’

ಕ್ಲಚ್ ಪ್ಲೇಟು ದಾವಣಗೆರೆಯದು.
ಮಡ್‌ಗಾರ್ಡು ಆನೇಕಲ್ಲಿನ ಹಾಲಿನವನದು,
ಕ್ಯಾನು ಉಜ್ಜಿದ ಗುರುತು ಇನ್ನೂ ಇದೆ.
ಹೆಡ್‌ಲೈಟಿನ ಬಳೆ ಎಲ್ಲಿಯದೆಂದು ಕೇಳಬೇಡಿ ಅಂದಿದ್ದಾನೆ ಇಲಿಯಾಸ್.
ಎರಡು ಸುತ್ತು ಟೀ ಆಯಿತು. ಯಾರೂ ಗೆಲ್ಲಲಿಲ್ಲ.
ದಿನಕ್ಕೆ ಎಂಬತ್ತು ತೋಳು ನೋಡುವವಳು ನಾನು,
ಒಬ್ಬರದು ಇನ್ನೊಬ್ಬರೊಳಗೆ ಓಡುವುದು ಹೊಸದೇನಲ್ಲ;
ಮೀಟರು ಇದ್ದ ಹಾಗೇ ಇರಲಿ ಅಂದೆ.

ಈ ಗಾಡಿಗೆ ಕಿಕ್ಕೂ ಅದೇ, ಗೇರೂ ಅದೇ.
ಒದ್ದ ಕೋಲನ್ನೇ ಒತ್ತಿ ಮಡಚಿ ಮುಂದೆ ಹೋಗಬೇಕು.
ಹನ್ನೊಂದನೆಯ ಒದೆತಕ್ಕೆ
ಕೆಮ್ಮಿತು, ಬಿಕ್ಕಿತು, ಆಮೇಲೆ ಹಿಡಿದುಕೊಂಡಿತು ಆ ತಾಳ,
ಎರಡು ಬಾಯಿಂದ ಬಿಳಿಹೊಗೆ.
ಹಿಟ್ಟಿನ ಡಬ್ಬ ಹಿಡಿದವರೆಲ್ಲ ಗಿರಣಿಯಿಂದ ಈಚೆ ಬಂದರು.
‘ಹಿಟ್ಟಿಗೆ ಹೊಗೆ ಹತ್ತಿದ್ರೆ ದುಡ್ಡು ನೀವೇ ಕೊಡ್ಬೇಕು!’
ಅಂದ ಪುಟ್ಟಗೌರಮ್ಮ
ಒಳಗೆ ಹೋಗಿ ನಿಂಬೆಹಣ್ಣು ತಂದಳು ಚಕ್ರಕ್ಕೆ.

ಮುಂದಿನ ವಾರ, ಇನ್ನೂ ಕತ್ತಲಿರುವಾಗ, ಮೂರು ಗಾಡಿ.
ನನ್ನ ಹಿಂದೆ ಸೆಲ್ವಿನ್ ಸರ್, ಹೆಗಲ ಮೇಲೆ ಬೆರಳ ಭಾರ ಮಾತ್ರ.
ಕೆ.ಆರ್. ಪುರದ ತೂಗುಸೇತುವೆಯ ತಂತಿಗಳು ದಾಟಿ,
ಲಾರಿಗಳ ಬೆನ್ನಿನ ಬಿಸಿ ದಾಟಿ,
ಹೊಸಕೋಟೆ ಕೆರೆಯ ತಣ್ಣನೆ ಗಾಳಿ ಮುಖಕ್ಕೆ ಬಡಿಯುವಷ್ಟರಲ್ಲಿ
ನಿಂತೇಹೋಯಿತು.

ಪ್ಲಗ್ಗು ಬಿಚ್ಚಿದೆವು. ಕರ್ರಗೆ, ಒದ್ದೆ.
ಅದನ್ನು ಕರವಸ್ತ್ರದಲ್ಲಿ ಹಿಡಿದು ಊದುತ್ತ ಕೂತರು ಸರ್.
ಮೊಪೆಡ್ ತುಂಬ ಕೊತ್ತಂಬರಿ ಹೇರಿಕೊಂಡ ಒಬ್ಬ
ನಿಲ್ಲಿಸಿ, ಇಳಿಯದೆ ಕೇಳಿದ:
‘ಎಷ್ಟು ಓಡಿದೆ?’
ಅರವತ್ತೊಂದು ಸಾವಿರದ ಇನ್ನೂರ ಮೂವತ್ತಾರು.
‘ಎಲ್ಲಾ ನೀವೇ ಓಡ್ಸಿದ್ದಾ?’

ನಮ್ಮದು ಇಪ್ಪತ್ತೊಂಬತ್ತು ಅನ್ನಬೇಕೆಂದಿದ್ದೆ.
ಅಷ್ಟರಲ್ಲಿ ಕೆರೆಯ ಕಡೆ ನೋಡುತ್ತ ಸೆಲ್ವಿನ್ ಸರ್
‘ಹೂಂ, ಎಲ್ಲಾ ನಾವೇ’ ಅಂದರು.
ಇಲಿಯಾಸ್ ಬಗ್ಗಿ ಚೈನು ನೋಡತೊಡಗಿದ,
ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.